ತಿರುಗಿ ನಿಂತ ವೈಮಾನಿಕ: ಅಜ್ಜಮಾಡ ದೇವಯ್ಯನವರ ಚರಿತ್ರೆಯೂ ಅದನ್ನು ಹೇಳಿದವರೂ

ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿಯು ಹುಣಸೂರನ್ನು ಬಿಟ್ಟು ಪಿರಿಯಾಪಟ್ಟಣವನ್ನು ಮುಟ್ಟುವುದಕ್ಕೆ ಮೊದಲು ಕಂಪಲಾಪುರವನ್ನು ಹಾದುಹೋಗುತ್ತದೆ. ಹೊಗೆಸೊಪ್ಪಿನ ಹೊಲಗಳು, ಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು, ಹರಾಜಿನ ಕಟ್ಟೆ, ಇವುಗಳ ನಡುವಣ ಈ ಊರಿಗೆ ಕೊಡಗು ಪರಸ್ಥಳವಲ್ಲ. ಮಡಿಕೇರಿಯ ಬಸ್ಸು ಇದರ ಬಾಗಿಲ ಮುಂದೆಯೇ ಹೋಗುತ್ತದೆ. ರಜೆಗೆ ಬಂದ ಕೊಡಗಿನ ಸಿಪಾಯಿಗಳು ಇದೇ ದಾರಿಯಲ್ಲಿ ಮನೆಗೆ ಹೋಗಿ ಇದೇ ದಾರಿಯಲ್ಲಿ ದಂಡಿಗೆ ಮರಳಿದ್ದಾರೆ. ಆ ದಾರಿ ಮಡಿಕೇರಿಯನ್ನು ಹೊಕ್ಕ ಮೇಲೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರನ್ನು ಹೊತ್ತ ವೃತ್ತವೊಂದುಂಟು. ಬಸ್ಸಿಳಿದವರು ಆ ಹೆಸರನ್ನು ಓದಿ ಮುಂದೆ ನಡೆಯುತ್ತಾರೆ. ಅದರ ಹಿಂದಿರುವ ಕಥೆಯನ್ನು ಪೂರ್ತಿಯಾಗಿ ಬಲ್ಲವರು, ಕೊಡಗಿನ ಹೊರಗೆ, ಬಹುಕಾಲದವರೆಗೆ ಕೆಲವರೇ ಆಗಿದ್ದರು.

೨೦೨೫ನೆಯ ಇಸವಿ ಜನವರಿ ೨೪ರಂದು ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದೀ ಚಲಚ್ಚಿತ್ರವು ಆ ಕಥೆಯನ್ನು ದೇಶದ ಮನೆಮನೆಗೆ ಮುಟ್ಟಿಸಿತೆಂದು ಹೇಳುವುದುಂಟು. ಮುಟ್ಟಿದುದು ಆ ಕಥೆಯೇ ಅಥವಾ ಅದರ ಹೆಸರಿನಲ್ಲಿ ಬೇರೊಂದೇ ಎಂಬುದನ್ನು ವಿಚಾರಮಾಡಬೇಕಾಗಿದೆ. ವೀರಚರಿತ್ರೆಯನ್ನು ವಿಮರ್ಶಿಸುವುದು ಸಂಕೋಚದ ಕೆಲಸ. ಸತ್ತವನಿಗೆ ಸಲ್ಲಬೇಕಾದ ಗೌರವವು ಅವನ ಕಥೆಯನ್ನು ಹೇಳಿದವನಿಗೂ ಬಿಟ್ಟಿಯಾಗಿ ಸಂದುಬಿಡುತ್ತದೆ. ಕಥೆಯನ್ನು ಆಕ್ಷೇಪಿಸಿದವನು ವೀರನನ್ನೇ ಆಕ್ಷೇಪಿಸಿದನೆಂಬ ಅಪವಾದ ಬರುತ್ತದೆ. ಆ ಸಂಕೋಚದಿಂದಲೇ ನಮ್ಮಲ್ಲಿ ವೀರರ ಚರಿತ್ರೆಗಳು ಒಂದೇ ಅಚ್ಚಿನಿಂದ ಬಿದ್ದ ಇಟ್ಟಿಗೆಗಳಂತೆ ಇವೆ. ಆದುದರಿಂದ ದೇವಯ್ಯನವರ ವಿಷಯದಲ್ಲಿ ನಡೆದುದೇನು, ಅದನ್ನು ಯಾರು ಯಾರು ಹೇಗೆ ಹೇಳಿದರು ಎಂಬ ಎರಡು ಮಾತನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ನೋಡುವುದು ಒಳ್ಳೆಯದು.

ನಡೆದುದನ್ನು ಸಂಕ್ಷೇಪವಾಗಿ ಹೇಳಬಹುದು. ಅಜ್ಜಮಾಡ ಬೋಪಯ್ಯ ದೇವಯ್ಯನವರು ೧೯೩೨ನೆಯ ಡಿಸೆಂಬರ್ ೨೪ರಂದು ಜನಿಸಿದರು. ೧೯೫೪ರಲ್ಲಿ ಭಾರತದ ವಾಯುಪಡೆಯಲ್ಲಿ ವೈಮಾನಿಕ ಅಧಿಕಾರಿಯಾಗಿ ಸೇರಿದರು. ೧೯೬೫ರ ಯುದ್ಧವು ಹತ್ತಿಕೊಳ್ಳುವ ಕಾಲಕ್ಕೆ ಅವರು ವಾಯುಪಡೆಯ ಹಾರಾಟದ ಕಾಲೇಜಿನಲ್ಲಿ ಶಿಕ್ಷಕರಾಗಿದ್ದರು, ಎಂದರೆ ಹೊಸಬರಿಗೆ ಹಾರುವುದನ್ನು ಕಲಿಸುವ ಉಪಾಧ್ಯಾಯರು. ಅಲ್ಲಿಂದ ಅವರನ್ನು ೧ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಿದರು. ‘ಹುಲಿಗಳು’ ಎಂದು ಹೆಸರಾದ ಆ ದಳವು ಪಂಜಾಬಿನ ಆದಂಪುರದಲ್ಲಿ ಬೀಡುಬಿಟ್ಟಿತ್ತು. ದಳದ ಕೈಯಲ್ಲಿದ್ದುದು ಫ್ರಾನ್ಸ್ ದೇಶದ ಮಿಸ್ಟೇರ್ ವಿಮಾನಗಳು.

ಸೆಪ್ಟೆಂಬರ್ ೬ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣಕೋಟೆಯೇ ಮೊದಲಾದ ವಿಮಾನ ನಿಲ್ದಾಣಗಳ ಮೇಲೆ ಎರಗಿದ್ದುವು. ಮಾರನೆಯ ಬೆಳಗು ಹರಿಯುವ ಮುನ್ನ ಅದಕ್ಕೆ ಉತ್ತರ ಹೊರಟಿತು. ೧ನೆಯ ಸ್ಕ್ವಾಡ್ರನ್ನಿಗೆ ಬಂದ ಗುರಿ ಸರ್ಗೋಧ. ಪಾಕಿಸ್ತಾನದ ವಾಯುಪಡೆಯ ಅತ್ಯಂತ ಬಲವಾದ ಠಾಣ್ಯ. ಆದಂಪುರದಿಂದ ಅದು ಮಿಸ್ಟೇರಿನ ಹಾರಾಟದ ಎಲ್ಲೆಯ ಹತ್ತಿರವೇ ಇದ್ದಿತು. ಹೋಗಿ ಬರುವುದಕ್ಕೆ ಎಣ್ಣೆ ಸಾಲಬಹುದು, ನಡುವೆ ಜಗಳ ಕಾಯುವುದಕ್ಕೆ ಸಾಲದು. ದಳಪತಿಗಳಾದ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರು ಮುಂದಾಳು. ಹನ್ನೆರಡು ವಿಮಾನಗಳು ಹೋಗತಕ್ಕದ್ದು, ಯಾವುದಾದರೂ ಕೆಟ್ಟು ನಿಂತರೆ ಅದರ ಸ್ಥಾನವನ್ನು ತುಂಬಲು ಎರಡು ಸಿದ್ಧವಾಗಿರತಕ್ಕದ್ದು, ಎಂಬುದು ಏರ್ಪಾಟು. ದೇವಯ್ಯನವರು ಆ ಎರಡರಲ್ಲಿ ಒಂದರಲ್ಲಿದ್ದರು. ಕರೆ ಬಂದರೆ ಹೋಗತಕ್ಕವರು, ಬಾರದಿದ್ದರೆ ನಿಲ್ಲತಕ್ಕವರು. ಒಂದು ವಿಮಾನ ಹಿಂದುಳಿಯಿತು. ದೇವಯ್ಯನವರು ಅದರ ಸ್ಥಾನಕ್ಕೆ ಸಂದರು.

ಮುಂದಿನದು ಕೆಲವೇ ನಿಮಿಷಗಳ ಸಂಗತಿ. ಮಿಸ್ಟೇರುಗಳನ್ನು ತಡೆಯಲು ಫ್ಲೈಟ್ ಲೆಫ್ಟೆನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನೀ ವೈಮಾನಿಕನು ಸ್ಟಾರ್‌ಫೈಟರ್ ವಿಮಾನದಲ್ಲಿ ಬಂದನು. ಅಮೆರಿಕದಿಂದ ಬಂದ ಆ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬಲ್ಲುದು. ಮಿಸ್ಟೇರ್ ನೆಟ್ಟನೆಯ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಮೇಲಾಗಿ ಸ್ಟಾರ್‌ಫೈಟರಿನಲ್ಲಿ ಬಿಸಿಯನ್ನು ಅರಸಿಕೊಂಡು ಹೋಗುವ ಕ್ಷಿಪಣಿಗಳಿದ್ದುವು. ಮಿಸ್ಟೇರಿನಲ್ಲಿದ್ದ ಆಕಾಶಯುದ್ಧದ ಆಯುಧವೆಂದರೆ ಎರಡು ತೋಪುಗಳು ಮಾತ್ರ. ಹುಸೇನನ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದುವು. ಅದರ ಕಥೆ ಮುಗಿಯಿತೆಂದು ಬಗೆದು ಅವನು ಬೇರೆ ಬೇಟೆಯ ಕಡೆಗೆ ತಿರುಗಿದನು. ಮುಗಿದಿರಲಿಲ್ಲ. ಪೆಟ್ಟುತಿಂದ ಮಿಸ್ಟೇರ್ ತಿರುಗಿ ಬಂದು ಅವನನ್ನು ತಡೆಯಿತು. ಇಬ್ಬರೂ ಸುತ್ತುಹಾಕಿ ಕಾದಿದರು. ಮಿಸ್ಟೇರಿನ ತೋಪು ಸ್ಟಾರ್‌ಫೈಟರನ್ನು ಕೆಡಹಿತು. ಹುಸೇನನು ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡನು. ದೇವಯ್ಯನವರು ಅಲ್ಲಿಯೇ ಮಡಿದರು. ಆಗ ಅವರಿಗೆ ಮೂವತ್ತೆರಡು ವರ್ಷ ಪ್ರಾಯ.

ಈ ಕದನವನ್ನು ನಮ್ಮ ಕಡೆಯವರಲ್ಲಿ ಯಾರೂ ಕಂಡಿರಲಿಲ್ಲ. ಉಳಿದ ವಿಮಾನಗಳು ಮುಂದೆ ಹೋಗಿ ತಮ್ಮ ಕೆಲಸವನ್ನು ಮಾಡಿಕೊಂಡು ಹಿಂದಿರುಗಿದ್ದುವು. ಒಂದು ಬಾರದೆ ಹೋಯಿತು. ಕಡತದಲ್ಲಿ ‘ಕಾಣೆಯಾದನು’ ಎಂದು ಬರೆದರು. ಮೃತರಾದರೆಂಬ ತೀರ್ಮಾನ ಆಮೇಲೆ ಬಂತು. ಕೊಡಗಿನಲ್ಲಿ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ವಾಡಿಕೆ ಉಂಟು. ಕಾಣೆಯಾದನೆಂಬ ಸುದ್ದಿಗೆ ಎಷ್ಟು ಗುಂಡು? ಹೆಂಡತಿಗೂ ಎಳೆಯ ಮಕ್ಕಳಿಗೂ ಸರ್ಕಾರವು ಕೊಟ್ಟುದು ಆ ಒಂದು ಮಾತು. ಅದಕ್ಕೆ ಕ್ರಿಯೆಯೂ ಇಲ್ಲ, ಕಾಲವೂ ಇಲ್ಲ. ಸತ್ತನೆಂಬ ಮಾತಿನಲ್ಲಿರುವ ಕ್ರೂರವಾದ ನೆಮ್ಮದಿ ಸಹ ಅದರಲ್ಲಿಲ್ಲ.

ಅದೇ ತಿಂಗಳಲ್ಲಿ ಅದೇ ನಾಡಿನ ಇನ್ನೊಬ್ಬ ವೈಮಾನಿಕನಿಗೆ ಒದಗಿದುದನ್ನು ಇಲ್ಲಿ ನೆನೆಯಬೇಕು. ಜನರಲ್ ಕಾರಿಯಪ್ಪನವರ ಮಗ ನಂದಾ ಕಾರಿಯಪ್ಪನವರು ಹಂಟರ್ ವಿಮಾನವನ್ನು ನಡೆಸುತ್ತಿದ್ದಾಗ ಸೆಪ್ಟೆಂಬರ್ ೨೨ರಂದು, ಕದನವಿರಾಮದ ಹೊಸ್ತಿಲಿನಲ್ಲಿ, ಶತ್ರುವಿನ ಗುಂಡಿಗೆ ಸಿಕ್ಕಿ ಸೆರೆಯಾದರು. ಅವಿಭಕ್ತ ಭಾರತದ ಸೈನ್ಯದಲ್ಲಿ ಕಾರಿಯಪ್ಪನವರ ಕೈಕೆಳಗೆ ಇದ್ದ ಅಯೂಬ್ ಖಾನರು ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಟ್ಟುಕೊಡಬಹುದೆಂದು ಅವರು ಸೂಚಿಸಿದಾಗ, ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಬೇರೆ ಮರ್ಯಾದೆ ಬೇಡ, ಎಂದು ತಂದೆ ಉತ್ತರಕೊಟ್ಟರು. ಈ ಕಥೆಯನ್ನು ಅರಿಯದ ಶಾಲೆಯ ಹುಡುಗನಿಲ್ಲ. ಅದು ಹರಡಿದುದು ಸರಿಯೇ. ಆದರೆ ಎರಡು ವಾರಗಳ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳಲ್ಲಿ ಒಂದು ಕೂಡಲೇ ಗಾದೆಯಾಯಿತು, ಇನ್ನೊಂದು ಇಪ್ಪತ್ತಮೂರು ವರ್ಷ ಕಡತದಲ್ಲಿ ಮಲಗಿತು. ಒಂದಕ್ಕೆ ಹೇಳುವವರಿದ್ದರು, ಇನ್ನೊಂದಕ್ಕೆ ಇರಲಿಲ್ಲ, ಭೇದವೆಲ್ಲ ಇಷ್ಟೆ. ಸಾಹಸ ಎಷ್ಟು ದೊಡ್ಡದಾದರೂ ಕಣ್ಣೊಂದು ಕಾಣಬೇಕು, ಬಾಯೊಂದು ಹೇಳಬೇಕು.

ದೇವಯ್ಯನವರ ಪಾಲಿಗೆ ಆ ಕಣ್ಣೂ ಬಾಯೂ ಎದುರಾಳಿಯವಾದುವು. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ೧೯೬೫ರ ವಾಯುಯುದ್ಧವನ್ನು ಕುರಿತು ೧೯೭೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದು ಪಾಕಿಸ್ತಾನದ ವಾಯುಪಡೆಯ ಮಗ್ಗುಲಲ್ಲಿ ನಿಂತು, ಅದರ ಜಯಗಳನ್ನು ಮುಂದಿಟ್ಟುಕೊಂಡು ಬರೆದ ಗ್ರಂಥ. ನಮ್ಮವರು ಅದನ್ನು ಓದಿ ಮುನಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪಕ್ಷಪಾತದ ಪುಟಗಳ ನಡುವೆಯೇ, ಸರ್ಗೋಧದ ದಾಳಿಯ ದಿನ ಒಂದು ಸ್ಟಾರ್‌ಫೈಟರ್ ಮಿಸ್ಟೇರಿನೊಡನೆ ಕಾದಿ ಬಿದ್ದಿತೆಂಬ ಸಂಗತಿ ಇದ್ದಿತು. ಯಾವ ಮಿಸ್ಟೇರ್? ಹಿಂದಿರುಗಿದವರಲ್ಲಿ ಯಾರೂ ಅಂಥ ಕದನ ಮಾಡಿದುದಾಗಿ ಹೇಳಿರಲಿಲ್ಲ. ಹಿಂದಿರುಗದವರು ಒಬ್ಬರೇ. ನಮ್ಮ ವಾಯುಪಡೆಯವರು ಮತ್ತೆ ವಿಚಾರಣೆ ನಡೆಸಿದರು, ಕಾಣೆಯಾದವರು ಕಾಣಿಸಿಕೊಂಡರು. ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು. ಅದನ್ನು ಅವರ ಪತ್ನಿ ಸ್ವೀಕರಿಸಿದರು.

ಸಾಕ್ಷ್ಯದ ದೃಷ್ಟಿಯಿಂದ ಇದಕ್ಕಿಂತ ಬಲವಾದುದು ಇರಲಾರದು. ತನ್ನವರನ್ನು ಹೊಗಳುವವನ ಮಾತಿನಲ್ಲಿ ಎಷ್ಟು ಸೋರಿಹೋಗುತ್ತದೆ ಎಂದು ತೂಗಬೇಕಾಗುತ್ತದೆ. ತನ್ನ ಪಕ್ಷಕ್ಕೆ ಕುಂದು ತರುವ ಸಂಗತಿಯನ್ನು ಒಪ್ಪಿಕೊಂಡವನ ಮಾತನ್ನು ಹಾಗೆಯೇ ತೆಗೆದುಕೊಳ್ಳಬಹುದು. ಆದರೆ ಇಲ್ಲಿ ಸಾಕ್ಷ್ಯವನ್ನು ಮೀರಿದ ಒಂದು ಸ್ವಾರಸ್ಯವೂ ಇದೆ. ಕನ್ನಡ ಕಾವ್ಯವನ್ನು ಓದಿದವರಿಗೆ ಅದು ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದುಬರುತ್ತ ಅಭಿಮನ್ಯುವಿನ ದೇಹವನ್ನು ಕಾಣುತ್ತಾನೆ. ತನ್ನ ಮಗ ಲಕ್ಷಣನನ್ನು ಕೊಂದ ಹುಡುಗ ಅವನು. ದುರ್ಯೋಧನನು ಬೈಯುವುದಿಲ್ಲ, ಕೈಮುಗಿದು, ಅಂಥ ಮರಣ ತನಗೂ ಒದಗಲೆಂದು ಬೇಡುತ್ತಾನೆ. ಅಭಿಮನ್ಯುವನ್ನು ಪಾಂಡವರು ಎಷ್ಟು ಕೊಂಡಾಡಿದರೂ ಅದು ಬಂಧುಗಳ ಅಳಲು. ವ್ಯೂಹದೊಳಗೆ ಅವನು ಒಬ್ಬನೇ ಏನು ಮಾಡಿದನೆಂದು ಕಂಡವರು ಕೌರವರು. ಆದುದರಿಂದ ಹೊಗಳುವ ಅಧಿಕಾರ ಅವರದು. ರನ್ನನು ಇದನ್ನು ಅರಿತಿದ್ದನು; ಪ್ರತಿನಾಯಕನ ಬಾಯಲ್ಲಿ ಹೊಗಳಿಕೆಯನ್ನಿಟ್ಟು ಅವನು ಒಂದೇ ಏಟಿಗೆ ಇಬ್ಬರನ್ನೂ ಎತ್ತಿದನು.

ಫ್ರಿಕರರು ರನ್ನನಲ್ಲ. ಅವರ ಬರವಣಿಗೆ ಯುದ್ಧದ ಲೆಕ್ಕಾಚಾರ. ದೇವಯ್ಯನವರನ್ನು ಎತ್ತುವ ಉದ್ದೇಶ ಅವರಿಗೆ ಇರಲಿಲ್ಲ. ಹಾಗಿದ್ದರೂ ದೇವಯ್ಯನವರ ವಿಷಯದಲ್ಲಿ ಬಂದ ಬರಹಗಳಲ್ಲಿ ಹೃದಯಕ್ಕೆ ನಾಟುವುದು ಆ ಒಣ ಸಂಗತಿಯೇ. ಬಿತ್ತೆಂದುಕೊಂಡ ವಿಮಾನ ಬೀಳಲಿಲ್ಲ, ತಿರುಗಿ ಬಂತು ಎಂಬಷ್ಟರಲ್ಲಿ ಎಲ್ಲವೂ ಅಡಗಿದೆ. ಕನ್ನಡದಲ್ಲಿ ‘ತಿರುಗಿ ನಿಲ್ಲುವುದು’ ಎಂಬ ಮಾತು ಹೊಲದಲ್ಲಿ ನಾಯಿ ತೋಳನಿಗೆ ತಿರುಗಿ ನಿಂತುದಕ್ಕೂ ಸಲ್ಲುತ್ತದೆ, ಬಡವ ಸಾಹುಕಾರನಿಗೆ ತಿರುಗಿ ನಿಂತುದಕ್ಕೂ ಸಲ್ಲುತ್ತದೆ. ಓಡುವುದಕ್ಕೆ ದಾರಿ ಇದ್ದೂ ಓಡದವನಿಗೇ ಆ ಮಾತು ಒಪ್ಪುವುದು.

ಸರ್ಕಾರದ ಪ್ರಶಸ್ತಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಪ್ರಶಸ್ತಿಪತ್ರಗಳ ಭಾಷೆ ಎಲ್ಲ ದೇಶಗಳಲ್ಲಿಯೂ ಒಂದೇ. ಧೈರ್ಯ, ಕರ್ತವ್ಯನಿಷ್ಠೆ, ಸಂಪ್ರದಾಯ ಎಂಬ ಶಬ್ದಗಳು ಅಲ್ಲಿ ಸ್ಥಾನ ಬದಲಾಯಿಸುತ್ತವೆಯೇ ಹೊರತು ಬೇರೆಯವು ಬರುವುದಿಲ್ಲ. ಅದು ದೋಷವೂ ಅಲ್ಲ. ಪ್ರಶಸ್ತಿಯ ಕೆಲಸ ಅಂಗೀಕರಿಸುವುದು, ವರ್ಣಿಸುವುದಲ್ಲ. ಇಪ್ಪತ್ತಮೂರು ವರ್ಷ ತಡವಾದ ಆ ಅಂಗೀಕಾರದಲ್ಲಿ ನಮ್ಮವರು ಎದುರು ಪಕ್ಷದ ಪುಸ್ತಕವನ್ನು ಪ್ರಮಾಣವಾಗಿ ಹಿಡಿಯಲು ನಾಚಲಿಲ್ಲವೆಂಬುದು ಮಾತ್ರ ಗಮನಿಸತಕ್ಕದ್ದು.

೨೦೦೫ರಲ್ಲಿ ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಎಂಬಿಬ್ಬರು ಸೇರಿ ಆ ಯುದ್ಧದ ವಾಯುಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಮನೆಯಲ್ಲಿ ಕುಳಿತು ಒಂದೇ ಉಸುರಿಗೆ ಓದುವ ಪುಸ್ತಕ ಅದಲ್ಲ; ದಳಗಳ ಸಂಖ್ಯೆ, ವಿಮಾನಗಳ ಜಾತಿ, ಹೊರಟ ವೇಳೆ, ಹಿಂದಿರುಗಿದ ವೇಳೆ, ಇವು ಹೆಜ್ಜೆಹೆಜ್ಜೆಗೂ ಬರುತ್ತವೆ. ಆದರೆ ತಾಳ್ಮೆಯಿಂದ ಓದಿದವರಿಗೆ ಅದರ ಗುಣ ತಿಳಿಯುತ್ತದೆ. ಅಲ್ಲಿ ಎರಡು ಪಕ್ಷದ ಮಾತೂ ಇದೆ. ನಮ್ಮವರ ತಪ್ಪುಗಳೂ ನಷ್ಟಗಳೂ ಮುಚ್ಚಿಡದೆ ಬಂದಿವೆ. ನಮ್ಮ ಸೋಲನ್ನು ಒಪ್ಪುವ ಅದೇ ಲೇಖನಿ ನಮ್ಮವನ ಗೆಲವನ್ನು ಹೇಳಿದಾಗ ನಂಬುಗೆ ತಾನಾಗಿ ಬರುತ್ತದೆ. ಸರ್ಗೋಧದ ಪ್ರಸಂಗದಲ್ಲಿ ಅವರು ದೇವಯ್ಯನವರ ಮನಸ್ಸಿನೊಳಕ್ಕೆ ಇಣುಕಲು ಹೋಗುವುದಿಲ್ಲ. ವಿಮಾನ ಏನು ಮಾಡಿತು ಎಂಬಲ್ಲಿಗೆ ನಿಲ್ಲುತ್ತಾರೆ. ಒಳಗೆ ಕುಳಿತವರು ಏನೆಂದುಕೊಂಡರು ಎಂಬುದು ಅವರೊಡನೆಯೇ ಹೋಯಿತು; ಅದನ್ನು ಕಟ್ಟಿ ಹೇಳುವ ಹಕ್ಕು ತಮಗಿಲ್ಲವೆಂಬ ಅರಿವು ಆ ನಿಲುಗಡೆಯಲ್ಲಿದೆ. ಚರಿತ್ರೆ ಬರೆಯುವವನಿಗೆ ಈ ಸಂಯಮ ಕವಿಗೆ ಪ್ರತಿಭೆ ಇದ್ದಂತೆ.

ಇನ್ನು ಚಲಚ್ಚಿತ್ರ. ಸಂದೀಪ್ ಕೇವ್ಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ಇದರ ನಿರ್ದೇಶಕರು. ಇದರಲ್ಲಿ ದೇವಯ್ಯನವರಿಲ್ಲ, ಟಿ. ಕೃಷ್ಣ ವಿಜಯ ಎಂಬ ತರುಣನಿದ್ದಾನೆ. ತನೇಜಾ ಅವರ ಸ್ಥಾನದಲ್ಲಿ ಆಹುಜಾ ಎಂಬ ಅಧಿಕಾರಿ ಇದ್ದಾನೆ; ಆ ಪಾತ್ರವನ್ನು ಚಿತ್ರದ ಹೆಸರಾಂತ ನಟ ಅಕ್ಷಯ್ ಕುಮಾರ್ ವಹಿಸಿದ್ದಾರೆ. ಎದುರಾಳಿಗೂ ಹೆಸರು ಬೇರೆ. ವಿಜಯನು ಕಾಣೆಯಾದ ಮೇಲೆ, ೧೯೭೧ರ ಯುದ್ಧದಲ್ಲಿ ಸೆರೆಸಿಕ್ಕ ಪಾಕಿಸ್ತಾನೀ ವೈಮಾನಿಕನಿಂದ ಸುಳಿವು ಹಿಡಿದು, ಆಹುಜಾ ವರ್ಷಾನುಗಟ್ಟಲೆ ನಿಜವನ್ನು ಹುಡುಕುತ್ತಾನೆ. ಇದು ಚಿತ್ರದ ಎಳೆ.

ಹೆಸರು ಬದಲಾಯಿಸಿದುದಕ್ಕೆ ಕೊಡಗಿನವರಲ್ಲಿ ಅಸಮಾಧಾನ ಕೇಳಿಬಂತು. ಕಲೆಗೆ ಆ ಸ್ವಾತಂತ್ರ್ಯವಿಲ್ಲವೆ ಎಂದು ಕೇಳುವವರೂ ಉಂಟು. ಸ್ವಾತಂತ್ರ್ಯವೇನೋ ಉಂಟು. ೯೪೧ರಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನ ಹೆಸರಿನಲ್ಲಿ ಹೊಗಿಸಿದನು. ಅದಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವುದು? ಆದರೆ ಪಂಪನ ಕಾವ್ಯದಲ್ಲಿ ಎರಡು ಹೆಸರುಗಳೂ ಒಟ್ಟಿಗೆ ಬೆಳಗುತ್ತವೆ. ಒಂದರ ಮೇಲೆ ಇನ್ನೊಂದನ್ನು ಹೊದಿಸಿ ಕೆಳಗಿನದನ್ನು ಮುಚ್ಚಿಲ್ಲ. ಚಿತ್ರದಲ್ಲಿ ಮುಚ್ಚಿದೆ. ಕೊಡವರ ಹೆಸರಿನ ರೀತಿಯನ್ನು ಬಲ್ಲವರಿಗೆ ಇದರ ನಷ್ಟ ಎಷ್ಟೆಂಬುದು ತಿಳಿಯುತ್ತದೆ. ಅಜ್ಜಮಾಡ ಎಂಬುದು ಒಕ್ಕದ ಹೆಸರು, ಬೋಪಯ್ಯ ತಂದೆಯ ಹೆಸರು, ದೇವಯ್ಯ ಕಡೆಯದು. ಮೊದಲು ಮನೆ, ಆಮೇಲೆ ತಂದೆ, ಆಮೇಲೆ ತಾನು. ಒಕ್ಕದ ಐನ್‌ಮನೆಯಲ್ಲಿ ಹಿರಿಯರಿಗೆ ದೀಪ ಇಡುವಾಗ ಸತ್ತವರು ಆ ಹೆಸರಿನ ಸಾಲಿನಲ್ಲಿಯೇ ಸೇರುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ವೀರರ ಹಾಡುಗಳನ್ನು ನೋಡಿದರೆ ಒಕ್ಕದ ಹೆಸರಿಲ್ಲದ ವೀರನು ಆ ನಾಡಿಗೆ ಊಹಿಸಲಾಗದ ವಸ್ತುವೆಂಬುದು ಗೊತ್ತಾಗುತ್ತದೆ. ಇಪ್ಪತ್ತಮೂರು ವರ್ಷ ಕಾಣೆಯಾಗಿದ್ದವರನ್ನು ಕಂಡುಹಿಡಿದ ಕಥೆಯಲ್ಲಿ ಅವರ ಹೆಸರೇ ಕಾಣೆಯಾದುದು ವಿಪರೀತವಲ್ಲವೆ?

ಆದರೂ ಹೆಸರಿನ ದೋಷ ಹೊರಗಿನದು. ಒಳಗಿನ ದೋಷ ಪಾತ್ರದ ಕಲ್ಪನೆಯಲ್ಲಿದೆ. ಚಿತ್ರದ ವಿಜಯನು ಬಿಸಿರಕ್ತದ ಹುಡುಗ, ಅಪ್ಪಣೆಗೆ ಒಗ್ಗದವನು, ಹೋಗಬೇಡವೆಂದರೂ ಹೋಗುವವನು. ನೋಡುವವರಿಗೆ ಇಂಥ ನಾಯಕ ಹಿತ. ಆದರೆ ಕಾಯ್ದಿರಿಸಿದ ಸ್ಥಾನದಲ್ಲಿ ಕುಳಿತು ಕರೆಗಾಗಿ ಕಾದು, ತೆರವಾದ ಸ್ಥಾನಕ್ಕೆ ಸಂದವರನ್ನು ಅಪ್ಪಣೆ ಮೀರಿದವನನ್ನಾಗಿ ಮಾಡಿದರೆ ಅವರ ಸಾಹಸಕ್ಕೆ ಬಣ್ಣ ಬರುವುದಿಲ್ಲ, ಅದರ ಜಾತಿಯೇ ಬೇರೆಯಾಗುತ್ತದೆ. ದೇವಯ್ಯನವರು ಶಿಕ್ಷಕರು, ಹತ್ತು ವರ್ಷ ದಾಟಿದ ಅನುಭವದವರು, ಇಬ್ಬರು ಹೆಣ್ಣುಮಕ್ಕಳ ತಂದೆ. ಆ ಬೆಳಗಿನ ಕದನವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದರಲ್ಲಿ ಹುಂಬತನಕ್ಕಿಂತ ಪಾಠದ ಗುರುತೇ ಹೆಚ್ಚು. ವೇಗದಲ್ಲಿ ಸ್ಟಾರ್‌ಫೈಟರಿಗೆ ಸರಿಗಟ್ಟುವಂತಿಲ್ಲ. ಆದರೆ ಅದರ ರೆಕ್ಕೆ ಗಿಡ್ಡ, ನಿಧಾನವಾಗಿ ಸುತ್ತುಹಾಕುವಾಗ ಅದಕ್ಕೆ ಹಿಡಿತ ಕಡಿಮೆ. ಅದನ್ನು ಸೋಲಿಸಬೇಕಾದರೆ ನೇರದ ಓಟದಿಂದ ಸುತ್ತಿನ ಕುಸ್ತಿಗೆ ಎಳೆಯಬೇಕು. ತನ್ನ ವಿಮಾನದ ಶಕ್ತಿಯೆಷ್ಟು, ಪೆಟ್ಟು ತಿಂದ ಮೇಲೆ ಉಳಿದುದೆಷ್ಟು, ಎಂಬುದನ್ನು ಕೈಯಲ್ಲಿಯೇ ಅರಿತಿರಬೇಕು. ಮೊದಲ ಏಟಿನಲ್ಲಿಯೇ ಕಂಗೆಟ್ಟವನಿಗೆ ಇದು ಸಾಧ್ಯವಲ್ಲ. ಕೋಪದಲ್ಲಿ ಕುರುಡಾದವನಿಗೂ ಸಾಧ್ಯವಲ್ಲ. ಹುಡುಗರಿಗೆ ದಿನವೂ ಅದನ್ನೇ ಹೇಳಿಕೊಟ್ಟವರಿಗೆ ಸಾಧ್ಯ. ಚಿತ್ರಕಾರರು ಉಪಾಧ್ಯಾಯನನ್ನು ತೆಗೆದು ತುಂಟನನ್ನು ಇಟ್ಟರು. ಹಾಗೆ ಮಾಡಿ ಕೌಶಲವನ್ನು ಆವೇಶಕ್ಕೆ ಮಾರಿದರು.

ಇನ್ನೊಂದು ಮಾತು. ಚಿತ್ರದ ಭಾರವೆಲ್ಲ ಹುಡುಕುವವನ ಮೇಲಿದೆ. ಹುಡುಕಾಟವು ಒಳ್ಳೆಯ ಕಥಾವಸ್ತುವೇ ಸರಿ. ತನ್ನ ಕೈಕೆಳಗಿನವನನ್ನು ಕಳೆದುಕೊಂಡ ಮುಂದಾಳಿನ ಅಳಲಿಗೆ ಗಾಂಭೀರ್ಯ ಉಂಟು, ಕೆಲವು ಕಡೆ ಚಿತ್ರವು ಅದನ್ನು ಮುಟ್ಟುವುದೂ ಉಂಟು. ಆದರೆ ಹುಡುಕುವವನು ಬೆಳೆದಂತೆಲ್ಲ ಹುಡುಕಲ್ಪಟ್ಟವನು ಕುಗ್ಗುತ್ತಾನೆ. ಕಡೆಗೆ ಸತ್ತವನು ಬದುಕಿದವನ ನಿಷ್ಠೆಗೆ ನಿಮಿತ್ತ ಮಾತ್ರವಾಗುತ್ತಾನೆ. ಎದುರಾಳಿಯ ಒಪ್ಪಿಗೆಯೂ, ರನ್ನನಲ್ಲಿ ಕಾವ್ಯದ ಮುಡಿಯಾಗಿದ್ದುದು, ಇಲ್ಲಿ ಹುಡುಕುವವನ ಕೈಗೆ ಸಿಕ್ಕ ಸುಳಿವಿನ ಮಟ್ಟಕ್ಕೆ ಇಳಿದಿದೆ.

ಹಾಗಾದರ ಈ ಕಥೆಯನ್ನು ಹೇಳುವ ಬಗೆ ಯಾವುದು? ಇದಕ್ಕೆ ದೂರ ಹೋಗಬೇಕಾದುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹೊಲದ ಬದುವಿನಲ್ಲೋ ಗುಡಿಯ ಮಗ್ಗುಲಲ್ಲೋ ವೀರಗಲ್ಲುಗಳು ಕಾಣಸಿಗುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಗಳು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಬರಹವಿದ್ದರೆ ಎರಡು ಮೂರು ಸಾಲು. ಇಂಥವನ ಮಗ ಇಂಥವನು, ಇಂಥ ಊರಿನ ದನ ಹಿಡಿದಾಗ ಕಾದಿ ಸತ್ತನು. ಅಲ್ಲಿಗೆ ಮುಗಿಯಿತು. ಅವನು ಏನೆಂದುಕೊಂಡು ಸತ್ತನು ಎಂಬುದು ಆ ಕಲ್ಲುಗಳಲ್ಲಿ ಇರುವುದಿಲ್ಲ. ಹೆಸರು ಮಾತ್ರ ತಪ್ಪುವುದಿಲ್ಲ, ಊರೂ ತಪ್ಪುವುದಿಲ್ಲ.

ಇದೇ ಸೀಮೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ೧೦೫೭ನೆಯ ಇಸವಿಯ ಶಾಸನವೊಂದಿದೆ. ನವಲೆನಾಡಿನ ಒಡೆಯನಾದ ಏಚನು ಮಲ್ಲಯುದ್ಧದಲ್ಲಿ ಅರಸನ ನಂಟನೊಬ್ಬನನ್ನು ಕೊಂದನು. ಚೋಳ ಪ್ರಭುತ್ವವು ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿತು. ಸುದ್ದಿ ಬಂದಾಗ ಅವನ ಹೆಂಡತಿ ದೇಕಬ್ಬೆ, ತಂದೆತಾಯಿಗಳು ಬೇಡವೆಂದರೂ ಕೇಳದೆ, ಬೆಂಕಿಯನ್ನು ಹೊಕ್ಕಳು. ಆಕೆಯ ನಿರ್ಧಾರವನ್ನು ಇಂದು ಯಾರೂ ಮೇಲ್ಪಂಕ್ತಿಯಾಗಿ ಹಿಡಿಯಲಾರರು, ಹಿಡಿಯಲೂಕೂಡದು. ಆದರೆ ಬರವಣಿಗೆಯಾಗಿ ಆ ಶಾಸನವನ್ನು ಓದಿದವರು ಮರೆಯುವುದಿಲ್ಲ. ಏಚನ ಸಾವು ದೂರದಲ್ಲಿ, ನಂಟರ ಕಣ್ಣಿಗೆ ಬೀಳದೆ ನಡೆದುದು. ಶಾಸನಕವಿ ಅದನ್ನು ಬೆಳೆಸಲು ಹೋಗಲಿಲ್ಲ; ಸುದ್ದಿ ಬಂದ ಮನೆಯ ಕಡೆಗೆ ತಿರುಗಿದನು, ಅಲ್ಲಿ ಆಡಿದ ಮಾತು, ಕಟ್ಟಿಹಾಕಲು ಯತ್ನಿಸಿದ ಕೈಗಳು, ಇವುಗಳಲ್ಲಿ ಕಥೆಯನ್ನು ಕಂಡನು. ತನಗೆ ಗೊತ್ತಿರುವ ನೆಲದ ಮೇಲೆ ಕಾಲಿಟ್ಟು ನಡೆದವನ ಬರಹ ಅದು. ಒಂಬೈನೂರು ವರ್ಷಗಳ ತರುವಾಯ ಅದೇ ಕಾಡಿನ ಆಚೆಯ ನಾಡಿನಲ್ಲಿ ಇನ್ನೊಂದು ಮನೆಗೆ ದೂರದ ಸುದ್ದಿ ಬಂದಿತು. ಅಲ್ಲಿ ಹೆಂಡತಿ ಬದುಕಿದರು, ಮಕ್ಕಳನ್ನು ಬೆಳೆಸಿದರು, ಇಪ್ಪತ್ತಮೂರು ವರ್ಷ ಕಳೆದ ಮೇಲೆ ಪತಿಯ ಪದಕವನ್ನು ಕೈಯಲ್ಲಿ ಹಿಡಿದರು. ಹಾಗೆ ಬದುಕುವುದು ಬೆಂಕಿಯನ್ನು ಹೊಗುವುದಕ್ಕಿಂತ ಸುಲಭವೆಂದು ಯಾರೂ ಹೇಳಲಾರರು. ಚಿತ್ರದಲ್ಲಿ ಹೆಂಡತಿಯ ಪಾತ್ರವುಂಟು. ಆಕೆಗೆ ಕಾಯುವುದರ ಹೊರತು ಕೆಲಸವಿಲ್ಲ, ಆ ಕಾಯುವುದಕ್ಕೂ ಚಿತ್ರವು ಕೊಟ್ಟ ಹೊತ್ತು ಸ್ವಲ್ಪ.

ಮುಂದೆ ದೇವಯ್ಯನವರ ಜೀವನವನ್ನು ಕನ್ನಡದಲ್ಲಿ ಬರೆಯುವವರು ಸರ್ಗೋಧದ ಆಕಾಶವನ್ನು ಬೆಳೆಸಬೇಕಾದುದಿಲ್ಲ. ಅಲ್ಲಿಯದು ಗೊತ್ತಾದಷ್ಟು ಗೊತ್ತಾಗಿದೆ; ಎದುರಾಳಿಯೇ ಹೇಳಿದ್ದಾನೆ. ೧೯೫೪ರಲ್ಲಿ ಸೇರಿದ ಇಪ್ಪತ್ತೊಂದು ವರ್ಷದ ಹುಡುಗನು ೧೯೬೫ರ ಆ ಬೆಳಗಿಗೆ ಹೇಗೆ ಸಿದ್ಧನಾದನು ಎಂಬುದು ಇನ್ನೂ ಹೇಳಬೇಕಾದ ಭಾಗ. ಮೇಲಿನ ಕಥನಗಳಲ್ಲಿ ಆ ಹನ್ನೊಂದು ವರ್ಷಗಳು ಒಂದೆರಡು ವಾಕ್ಯಗಳಲ್ಲಿ ದಾಟಿಹೋಗುತ್ತವೆ. ಹಾರಾಟದ ಕಾಲೇಜಿನಲ್ಲಿ ಅವರ ಕೈಕೆಳಗೆ ಕಲಿತವರಿದ್ದರು. ಮೊದಲ ಸಲ ಒಬ್ಬನೇ ಹಾರಿ ಇಳಿಯುವ ಹುಡುಗನನ್ನು ನೆಲದ ಮೇಲೆ ನಿಂತು ನೋಡುವ ಶಿಕ್ಷಕನ ಕೆಲಸವನ್ನು ಅವರು ಎಷ್ಟೋ ಸಲ ಮಾಡಿರಬೇಕು. ಆ ಹುಡುಗರು ಇಂದು ಎಂಬತ್ತು ದಾಟಿದವರು. ಬರೆಯುವವರು ಅವರನ್ನು ಕೇಳಿ ಬರೆದುಕೊಳ್ಳಬೇಕು, ಬೇಗ.